ಬೆಳ್ಳಿ ಸೂಟಿನ ಯಮ

ನಮ್ಮೂರಿನಲ್ಲಿ ಸಾವು ಬಾಗಿಲು ತಟ್ಟಿಕೊಂಡೇ ಬರುತ್ತದೆ. ಕಳ್ಳನ ಹಾಗೆ ನುಗ್ಗಿ ಎತ್ತಿಕೊಂಡು ಹೋಗುವ ರೂಢಿ ಬೇರೆ ಊರುಗಳಲ್ಲಿ ಇರಬಹುದು, ನಮ್ಮಲ್ಲಿಲ್ಲ. ಯಮ ಬರುತ್ತಾನೆ, ಚಪ್ಪಲಿ ಹೊರಗೆ ಬಿಡುತ್ತಾನೆ, ಮನೆಯವರು ಹಾಸಿದ ಚಾಪೆಯ ಮೇಲೆ ಕೂರುತ್ತಾನೆ, ಕೊಟ್ಟ ನೀರು ಕುಡಿಯುತ್ತಾನೆ. ಆಮೇಲೆ ಹೋಗಬೇಕಾದವರನ್ನು ಹೆಸರು ಹಿಡಿದು ಕರೆಯುತ್ತಾನೆ. ಅವರು ‘ಬಂದೆ’ ಎನ್ನಬೇಕು. ಅಂದರೆ ಮುಗಿಯಿತು, ಎದ್ದು ಅವನ ಹಿಂದೆ ನಡೆದುಬಿಡುತ್ತಾರೆ, ಮಂಚದ ಮೇಲೆ ಹೆಣ ಉಳಿಯುತ್ತದೆ. ಅನ್ನದಿದ್ದರೆ ಅವನು ಕಾಯುತ್ತಾನೆ. ಬಲವಂತ ಮಾಡುವವನಲ್ಲ. ಆದರೆ ಅವನು ಒಳಗೆ ಕಾಲಿಟ್ಟ ಮೇಲೆ ನೋವು ಗಳಿಗೆಗಳಿಗೆಗೂ ಏರುತ್ತದೆ, ಆದ್ದರಿಂದ ಹೆಚ್ಚಿನವರು ಅವನ ಲೋಟ ಖಾಲಿಯಾಗುವುದರೊಳಗೆ ಅಂದುಬಿಡುತ್ತಾರೆ.

ಅವನಿಗೆ ಸ್ವಂತ ಮುಖವಿಲ್ಲ. ಸಾಯುವವರ ಮನಸ್ಸಿನಲ್ಲಿ ಯಮ ಎಂದರೆ ಯಾರು ಮೂಡುತ್ತಾರೋ ಅವರ ಮುಖ ಹೊತ್ತು ಬರುತ್ತಾನೆ, ನೋಡುವವರಿಗೆಲ್ಲ ಹಾಗೆಯೇ ಕಾಣುತ್ತಾನೆ. ಬಹಳ ಕಾಲ ನಮ್ಮೂರಿನ ಮಟ್ಟಿಗೆ ಆ ಮುಖ ನನ್ನದಾಗಿತ್ತು.

ನಾನು ಓಬಳಯ್ಯ. ಸಂತೆಮಾಳದಲ್ಲಿ ಟೆಂಟು ಹಾಕುತ್ತಿದ್ದ ನಾಟಕ ಕಂಪನಿಯಲ್ಲಿ ಸಾವಿತ್ರಿಯ ಕಥೆ ಆಡುವಾಗಲೆಲ್ಲ ಯಮ ನಾನೇ. ಹರೆಯದಲ್ಲಿ ಹಿಡಿದ ಪಾತ್ರ, ಹಲ್ಲು ಅಲುಗಾಡುವವರೆಗೂ ಬಿಡಲಿಲ್ಲ. ಊರಿನ ಹಿರಿಯರೆಲ್ಲ ಯಮನನ್ನು ಮೊದಲು ಕಂಡದ್ದು ನನ್ನ ರೂಪದಲ್ಲಿ, ಹಾಗಾಗಿ ಕೊನೆಗೆ ಕಂಡದ್ದೂ ನನ್ನ ರೂಪದಲ್ಲೇ. ನನ್ನದೇ ಹೊಟ್ಟೆ, ನನ್ನದೇ ತಿರುವಿದ ಮೀಸೆ, ತಗಡಿನ ಕಿರೀಟ, ಹೆಗಲ ಮೇಲೆ ಹಗ್ಗ, ಹಿಂದೊಂದು ಕೋಣ. ರಂಗಕ್ಕೆ ಬರುವ ಮುಂಚೆ ಬೀಡಿಯ ಕೆಮ್ಮು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ನನ್ನ ಅಭ್ಯಾಸ. ಅವನೂ ಬಾಗಿಲು ತಟ್ಟುವ ಮುಂಚೆ ಹಾಗೆಯೇ ಕೆಮ್ಮುತ್ತಿದ್ದನಂತೆ. ನಾನು ಯಾವುದಾದರೂ ಬೀದಿಯಲ್ಲಿ ಅಪ್ಪಿತಪ್ಪಿ ಕೆಮ್ಮಿದರೆ ಎರಡೂ ಬದಿಯ ಮನೆಗಳಲ್ಲಿ ಮುದುಕರು ಕಂಬಳಿಯನ್ನು ತಲೆಯವರೆಗೆ ಎಳೆದುಕೊಳ್ಳುತ್ತಿದ್ದರು.

ಇದರಿಂದ ಅನುಕೂಲವೂ ಇತ್ತು. ರೇಷನ್ ಅಂಗಡಿಯಲ್ಲಿ ನಾನು ಸಾಲಿನಲ್ಲಿ ನಿಂತವನಲ್ಲ. ಬೇಗ ಕೊಟ್ಟು ಕಳಿಸಿದರೆ ಸಾಕು ಎಂದು ಎಲ್ಲರೂ ದಾರಿ ಬಿಡುತ್ತಿದ್ದರು. ಮದುವೆಗೆ ಕರೆಯುತ್ತಿರಲಿಲ್ಲ, ಆದರೆ ಹೋಳಿಗೆ ಮನೆಗೇ ಬರುತ್ತಿತ್ತು. ಅನನುಕೂಲವೆಂದರೆ ತಕರಾರುಗಳು. ಪಕ್ಕದ ಬೀದಿಯ ನೀಲಮ್ಮ ಒಂದು ಬೆಳಿಗ್ಗೆ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು.

“ನಿನ್ನೆ ನಮ್ಮತ್ತೇನ ಕರ್ಕೊಂಡ್ ಹೋಗಾಕ್ ಬಂದಾಗ ನಿಮ್ ಕೋಣ ನನ್ ಕನಕಾಂಬ್ರದ ಗಿಡಾನೆಲ್ಲ ಮೇಯ್ದೈತೆ. ಹೋಗ್ಲಿ, ಜಗಲಿ ಮೇಲಿನ ಸಗಣಿನಾದ್ರೂ ಎತ್ಬಾರ್ದಾ?”

“ಅದು ನಾನಲ್ಲ ಕಣಮ್ಮ.”

“ನೀವಲ್ದೆ ಇನ್ಯಾರು? ಅದೇ ಹೊಟ್ಟೆ, ಅದೇ ಮೀಸೆ! ನಮ್ಮತ್ತೆ ಸಾಯೋ ಹೊತ್ನಲ್ಲೂ ‘ಓಬಳಯ್ಯ ಇಳಿದೋಗವ್ನೆ, ಊಟ ಮಾಡ್ತಿಲ್ವೇನೋ’ ಅಂದ್ಲು.”

ಬಾಯಲ್ಲಿ ಬೈದುಕೊಂಡರೂ ನಾನು ಒಳಗೊಳಗೇ ಬೀಗುತ್ತಿದ್ದೆ. ನಮ್ಮ ಕಂಪನಿಯಲ್ಲಿ ಕೃಷ್ಣನ ಪಾತ್ರ ಮಾಡುವವನನ್ನು ಸಂತೆಯಲ್ಲಿ ಒಂದು ನಾಯಿಯೂ ಗುರುತಿಸುತ್ತಿರಲಿಲ್ಲ. ನನ್ನನ್ನು ಸಾಯುವವರೂ ಗುರುತು ಹಿಡಿದು ಯೋಗಕ್ಷೇಮ ಕೇಳುತ್ತಿದ್ದರು. ಯಾವ ನಟನಿಗುಂಟು ಈ ಭಾಗ್ಯ?

ಆ ಭಾಗ್ಯವನ್ನು ಹಾಳುಮಾಡಿದ್ದು ಟಿವಿ. ‘ಗಗನ ಗಸ್ತು’ ಎಂಬ ಧಾರಾವಾಹಿ ಶುರುವಾಯಿತು. ಯಾವುದೋ ಪರಭಾಷೆಯದು, ಕನ್ನಡದ ಮಾತು ಅಂಟಿಸಿದ್ದರು. ತುಟಿ ಮೊದಲು ಅಲ್ಲಾಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಆಕಾಶದಲ್ಲಿ ಹಡಗು, ಹಡಗಿನ ತುಂಬ ಬಿಗಿ ಚಡ್ಡಿಯ ಜನ. ಅವರಲ್ಲಿ ಯಾರಿಗಾದರೂ ಕಾಲ ಸಮೀಪಿಸಿದರೆ ಶೂನ್ಯಾಧಿಕಾರಿ ಎಂಬುವನು ಬೆಳಕಿನ ಕಂಬದೊಳಗಿಂದ ಇಳಿಯುತ್ತಿದ್ದ. ಬೆಳ್ಳಿ ಬಣ್ಣದ ಸೂಟು, ಬೋಳು ತಲೆ, ಹುಬ್ಬೇ ಇಲ್ಲ. ಕೈಯಲ್ಲಿ ಮಿಣಮಿಣ ಮಿನುಗುವ ಒಂದು ಡಬ್ಬಿ. “ನಿಮ್ಮ ಅವಧಿ ಮುಗಿದಿದೆ. ದಯವಿಟ್ಟು ಸಹಕರಿಸಿ,” ಎನ್ನುತ್ತಿದ್ದ. ಇಷ್ಟೇ ಅವನ ಅಭಿನಯ. ನಾನಾಗಿದ್ದರೆ ಆ ಎರಡು ವಾಕ್ಯಕ್ಕೆ ನಾಲ್ಕು ಕಂದಪದ್ಯ ಹಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ಮೊದಲು ಅವನು ಬಂದದ್ದು ಲೈನ್‌ಮನ್ ಚೌಡಪ್ಪನ ಮನೆಗೆ. ಚೌಡಪ್ಪ ಒಂದು ಸಂಚಿಕೆಯನ್ನೂ ಬಿಟ್ಟವನಲ್ಲ. ಬೆಳ್ಳಿ ಸೂಟಿನವನು ಬಂದ, ಕೂತ, ಡಬ್ಬಿ ನೋಡಿದ, ಕರೆದುಕೊಂಡು ಹೋದ. ಕೋಣವಿಲ್ಲ, ಸಗಣಿಯಿಲ್ಲ, ಕೆಮ್ಮಿಲ್ಲ. ನೋಡಿದವರೆಲ್ಲ ದಂಗಾದರು. “ಎಷ್ಟು ನೀಟು!” ಎಂದರು. ಒಂದು ವಾರ ಊರಿನಲ್ಲಿ ಬೇರೆ ಮಾತಿಲ್ಲ.

ಅಲ್ಲಿಂದ ನೋಡಿ, ನಮ್ಮವರಿಗೆ ಹುಚ್ಚು ಹಿಡಿಯಿತು. ಬೆಳ್ಳಿ ಸೂಟಿನವನು ಬಂದ ಮನೆ ಮೇಲು, ಕೋಣ ಬಂದ ಮನೆ ಕೀಳು. ಹೆಣ್ಣು ಕೇಳಲು ಬಂದವರು ಜಾತಕ ಬಿಚ್ಚುವ ಮುಂಚೆ “ನಿಮ್ಮ ತಾತನಿಗೆ ಯಾರು ಬಂದಿದ್ದರು?” ಎಂದು ಮೆಲ್ಲಗೆ ವಿಚಾರಿಸತೊಡಗಿದರು. ಸರ್ಕಲ್ಲಿನ ಫ್ಲೆಕ್ಸುಗಳಲ್ಲಿ ಸತ್ತವರ ಫೋಟೋ ಪಕ್ಕದಲ್ಲೇ ಅವನ ಹುಬ್ಬಿಲ್ಲದ ಮುಖ, ಕೆಳಗೆ ‘ಶೂನ್ಯಾಧಿಕಾರಿಗಳೊಂದಿಗೆ ದೈವಾಧೀನರಾದರು’ ಎಂಬ ಬರಹ. ಕೋಣ ಕಟ್ಟಲೆಂದು ಬೀದಿ ಬೀದಿಯ ತುದಿಗೂ ಪುರಸಭೆ ಹಿಂದೆ ಹಾಕಿಸಿದ್ದ ಕಬ್ಬಿಣದ ಬಳೆಗಳನ್ನು ಅದೇ ಪುರಸಭೆ ಕಿತ್ತುಹಾಕಿಸಿ, ಹಾರ ಹಾಕಿಕೊಂಡು ಸಮಾರಂಭ ಮಾಡಿತು. ನಗರ ಸೌಂದರ್ಯೀಕರಣವಂತೆ.

ಕಾಯಿಲೆ ಬಿದ್ದವರ ಪಾಡು ಕೇಳಬೇಡಿ. ಬಟ್ಟೆ ಅಂಗಡಿಯ ವಾಸುದೇವ ಶೆಟ್ಟರು ತಮ್ಮ ತಂದೆಯ ಮಂಚದ ಕಾಲ ಬಳಿ ಗೋಡೆಯಗಲದ ಟಿವಿ ಹಾಕಿಸಿ ಹಗಲೂ ರಾತ್ರಿ ‘ಗಗನ ಗಸ್ತು’ ತೋರಿಸಿದರು. ಮುದುಕರಿಗೆ ಭಗವದ್ಗೀತೆ ಕೇಳಬೇಕು ಎಂಬಾಸೆ. ಯಾರು ಕೇಳುತ್ತಾರೆ? ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಪ್ರಾಣ ಹೋಗುವ ಹೊತ್ತಿಗೆ ಸರಿಯಾಗಿ ನಡುವೆ ಜಾಹೀರಾತು ಬಂತು. ಬಾಗಿಲು ತಟ್ಟಿದ್ದು ಕೀಲುನೋವಿನ ಎಣ್ಣೆ ಮಾರುವವನು! ಟೈ ಕಟ್ಟಿಕೊಂಡು, ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಹಿಡಿದು, ಹಲ್ಲು ಕಿರಿಯುತ್ತ, “ಇಂದೇ ಬನ್ನಿ, ಒಂದಕ್ಕೆ ಒಂದು ಉಚಿತ!” ಎಂದು ಕೂಗಿದ. ಮುದುಕರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಯನ್ನು ಮಕ್ಕಳು ಕುರ್ಚಿ ಸಮೇತ ಹಿತ್ತಲಿಗೆ ಎತ್ತಿಕೊಂಡು ಓಡಿದರು. ಸದಾ ಟಿವಿಯ ಚರ್ಚೆ ನೋಡುತ್ತಿದ್ದ ಒಬ್ಬ ವಕೀಲರಿಗಂತೂ ಅವನು ಆರು ಚೌಕದಲ್ಲಿ ಆರು ತಲೆಯಾಗಿ ಬಂದು ಎಲ್ಲ ತಲೆಯಿಂದಲೂ ಒಟ್ಟಿಗೆ ಕಿರುಚಿದನಂತೆ. “ಬಂದೆ ಮಾರಾಯ, ಮೊದಲು ಬಾಯ್ಮುಚ್ಚು,” ಎಂದು ವಕೀಲರು ಎದ್ದುಹೋದರು.

ನನ್ನನ್ನು ಕೇಳುವವರೇ ಇಲ್ಲವಾದರು. ಹಿತ್ತಲ ಗಿಡ ಮದ್ದಲ್ಲ. ನನ್ನನ್ನು ನೋಡಿ ಬೆಳೆದ ಮುದುಕರೂ ಮೊಮ್ಮಕ್ಕಳ ಮಾನಕ್ಕೆ ಹೆದರಿ ಆ ಹುಬ್ಬುಗೇಡಿಯನ್ನೇ ಧ್ಯಾನ ಮಾಡತೊಡಗಿದರು. ನಾನು ಹೋಟೆಲಿನಲ್ಲಿ ಕೂತು, “ಹುಬ್ಬಿಲ್ಲದೆ ಎಂಥಾ ಯಮನಯ್ಯ? ಯಮನ ಪಾತ್ರದಲ್ಲಿ ಅರ್ಧ ಅಭಿನಯ ಹುಬ್ಬಿನದು!” ಎಂದು ಕೂಗಾಡುತ್ತಿದ್ದೆ. ಜನ ಕಾಫಿ ಮುಗಿಸಿ ಎದ್ದು ಹೋಗುತ್ತಿದ್ದರು. ರೇಷನ್ ಅಂಗಡಿಯಲ್ಲಿ ನನ್ನನ್ನು ಮೊದಲ ಸಲ ಸಾಲಿನಲ್ಲಿ ನಿಲ್ಲಿಸಿದ ದಿನ ನಾನು ಮನೆಗೆ ಬಂದು ಊಟ ಮಾಡಲಿಲ್ಲ.

“ಹೋಗ್ಲಿ ಬಿಡ್ರೀ,” ಎಂದಳು ಗಂಗೂ. “ಇನ್ನಾದ್ರೂ ನಮ್ಮನ್ನ ಮದ್ವೆಗೆ ಕರೀತಾರೆ.”

ಗಂಗಹನುಮಕ್ಕ ನನ್ನ ಹೆಂಡತಿ. ನಾನು ಗಂಗೂ ಎನ್ನುತ್ತೇನೆ. ಮಕ್ಕಳಿಲ್ಲ ನಮಗೆ, ಇರುವುದು ನಾವಿಬ್ಬರೇ. ಅವಳು ನನ್ನ ನಾಟಕವನ್ನು ಎದುರಿಗೆ ಕೂತು ನೋಡಿದವಳಲ್ಲ. ಪರದೆಯ ಹಿಂದೆ ಕೊಬ್ಬರಿ ಎಣ್ಣೆಯ ಬಾಟಲಿ, ಹಳೇ ಪಂಚೆಯ ತುಂಡು ಹಿಡಿದು ನಿಂತಿರುತ್ತಿದ್ದಳು, ನನ್ನ ಮುಖದ ಬಣ್ಣ ಒರೆಸಲು. ಮನೆಯಲ್ಲಿ ನಾನು ಯಾವುದಕ್ಕೆ ಕರೆದರೂ, ಟವೆಲಿಗೆ, ಕಾಫಿಗೆ, ಹಣೆಯ ಮೇಲೇ ಇದ್ದ ಕನ್ನಡಕ ಹುಡುಕಿಕೊಡುವುದಕ್ಕೆ, ಎಲ್ಲಿದ್ದರೂ ‘ಬಂದೆ’ ಎಂದು ಬರುವವಳು. ಯಾಕೆ ಏನು ಎಂದು ಕೇಳಿದವಳಲ್ಲ. ರಾಗಿ ಹಿಟ್ಟು ಮೆತ್ತಿದ ಕೈಯಲ್ಲಿ, ಒದ್ದೆ ಕೂದಲಲ್ಲಿ, ನಿದ್ದೆಗಣ್ಣಲ್ಲಿ, ಹೇಗಿದ್ದರೆ ಹಾಗೆ ಬಂದು ನಿಲ್ಲುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಮನೆಗೆ ಕರ್ಕೊಂಡು ಹೋಗಿ, ಇಷ್ಟವಾದ್ದು ತಿನ್ನಿಸಿ,” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಆಗ ನನಗೆ ಹೊಳೆಯಿತು. ಗಂಗೂಗೆ ಯಮ ಎಂದರೆ ಯಾರು? ನಾನೇ. ನಾಳೆ ಅವನು ನನ್ನ ಮುಖ ಹೊತ್ತು, ನನ್ನ ದನಿಯಲ್ಲಿ ‘ಗಂಗೂ’ ಎಂದರೆ ಇವಳು ಕಣ್ಣು ತೆರೆಯುವ ಮುಂಚೆ ‘ಬಂದೆ’ ಎನ್ನುತ್ತಾಳೆ. ಅವನು ಚಾಪೆಯ ಮೇಲೆ ಕೂರುವುದರೊಳಗೆ ಮುಗಿದುಹೋಗುತ್ತದೆ.

ಅವತ್ತಿನಿಂದ ನಾನು ಅವಳನ್ನು ಕರೆಯುವುದು ಬಿಟ್ಟೆ. ಕರೆದಾಗ ಬರುವ ಅಭ್ಯಾಸ ತಪ್ಪಲಿ ಎಂದು. ಟವೆಲು ನಾನೇ ತೆಗೆದುಕೊಂಡೆ, ಕಾಫಿ ನಾನೇ ಕಾಯಿಸಿದೆ, ಏನಾದರೂ ಹೇಳಬೇಕಿದ್ದರೆ ಅವಳ ಮಂಚದ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅಷ್ಟಕ್ಕೆ ನಿಲ್ಲಲಿಲ್ಲ. ಟಿವಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ಓಬಳಯ್ಯ ಒಂದು ಟಿವಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

ನನ್ನ ಉಪಾಯ ಇದು. ಗಂಗೂ ಗುರುತಿಲ್ಲದ ಗಂಡಸಿನ ಜೊತೆ ಬೀದಿಯ ತುದಿಯವರೆಗೂ ಹೋಗುವವಳಲ್ಲ. ಒಮ್ಮೆ ನಾನು ಬರುತ್ತೇನೆಂದು ಹೇಳಿ ಮರೆತಾಗ, ದಾರಿಯಲ್ಲಿ ಸಿಕ್ಕ ಭಾವಮೈದುನನ ಗಾಡಿಯನ್ನೂ ಹತ್ತದೆ ಸಂಜೆಯವರೆಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವಳು. ಯಮ ಎಂದರೆ ಬೆಳ್ಳಿ ಸೂಟಿನವನು ಎಂದು ಅವಳ ಮನಸ್ಸಿನಲ್ಲಿ ಕೂರಿಸಿಬಿಟ್ಟರೆ, ಅವನು ಬಂದು ಕರೆದರೂ ಇವಳು ಹೋಗುವುದಿಲ್ಲ. ವರ್ಷಗಟ್ಟಲೆ ಕಾಯಲಿ ಆ ಹುಬ್ಬುಗೇಡಿ. ನೋವಿನ ವಿಷಯ ನನ್ನ ತಲೆಗೆ ಬರಲೇ ಇಲ್ಲ. ಅದು ನನ್ನ ಹೊಟ್ಟೆಯಲ್ಲಿ ಇರಲಿಲ್ಲವಲ್ಲ.

“ಇವ್ನು ಯಾರ್ರೀ, ಹಾಲಿನ ಕ್ಯಾನ್ ಥರ ಅವ್ನೆ?” ಎಂದು ಕೇಳಿದಳು ಮೊದಲ ದಿನ.

“ಇವನೇ ಯಮ.”

“ಹೋಗ್ರೀ. ಯಮ ನೀವಲ್ವಾ?”

“ನಂದು ಮುಗೀತು. ಈಗ ಇವನೇ.”

ಗಂಗೂ ದಿಂಬಿನಿಂದ ತಲೆಯೆತ್ತಿ ಅವನನ್ನು ಬಹಳ ಹೊತ್ತು ನೋಡಿದಳು. “ಪಾಪ, ಆ ಸೂಟಿನೊಳಗೆ ಎಷ್ಟು ಸೆಕೆಯೋ ಏನೋ. ಹುಬ್ಬು ಯಾಕಿಲ್ಲ ಇವನಿಗೆ? ದೀಪ ಹಚ್ಚುವಾಗ ಸುಟ್ಕೊಂಡ್ನಾ?”

ನಾನು ಅವಳಿಗೆ ಮಗ್ಗಿ ಒಪ್ಪಿಸುವ ಹಾಗೆ ಪಾಠ ಹೇಳಿದೆ. ಬೆಳಿಗ್ಗೆ ಗಂಜಿ ಕುಡಿಸುತ್ತ “ಯಮ ಯಾರು?” ಎನ್ನುತ್ತಿದ್ದೆ. “ಹಾಲಿನ ಕ್ಯಾನು,” ಎನ್ನುತ್ತಿದ್ದಳು. ಶೆಟ್ಟರ ಮನೆಯಲ್ಲಿ ಆದದ್ದು ನೆನಪಿತ್ತು, ಜಾಹೀರಾತು ಬಂದ ಕೂಡಲೇ ಟಿವಿ ಆರಿಸಿ ಮನಸ್ಸಿನಲ್ಲೇ ಎಣಿಸಿ ಮತ್ತೆ ಹಾಕುತ್ತಿದ್ದೆ. ಗೋಡೆಯ ಮೇಲೆ ಯಮನ ವೇಷದಲ್ಲಿ ನನ್ನ ದೊಡ್ಡ ಫೋಟೋ ಇತ್ತು. ಅದನ್ನು ಇಳಿಸಿ ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

“ಫೋಟೋ ಎಲ್ರೀ?”

“ಗೆದ್ದಲು ಹಿಡಿದಿತ್ತು.”

ಅವಳು ಖಾಲಿ ಮೊಳೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಅವನು ಬಂದದ್ದು ಒಂದು ಮಧ್ಯಾಹ್ನ. ನಾನು ಒಲೆಯ ಮೇಲೆ ಸಾರಿಟ್ಟು ಒಗ್ಗರಣೆಗೆ ಸಾಸಿವೆ ಹುಡುಕುತ್ತಿದ್ದೆ. ಬಾಗಿಲು ಸದ್ದಾಯಿತು. ಸದ್ದಿಗೆ ಮುಂಚೆ ಕೆಮ್ಮು ಕೇಳಲಿಲ್ಲ. ಸೌಟು ಹಿಡಿದುಕೊಂಡೇ ಓಡಿ ಬಾಗಿಲು ತೆಗೆದೆ. ಬೆಳ್ಳಿ ಸೂಟು! ಬೋಳು ತಲೆ! ಕೈಯಲ್ಲಿ ಮಿಣಮಿಣ ಡಬ್ಬಿ! ಸಾವನ್ನು ಅಷ್ಟು ಆದರದಿಂದ ಒಳಗೆ ಕರೆದ ಮನುಷ್ಯ ನಮ್ಮೂರಿನಲ್ಲಿ ಇನ್ನೊಬ್ಬನಿಲ್ಲ.

“ಬನ್ನಿ ಬನ್ನಿ ಬನ್ನಿ. ಬೂಟು ಇರಲಿ ಪರವಾಗಿಲ್ಲ, ಸೂಟಿಗೇ ಹೊಲಿದಿದ್ದಾರಲ್ಲ. ಕೂತ್ಕೊಳ್ಳಿ. ಮಜ್ಜಿಗೆ ಕೊಡಲಾ?”

ಅವನ ತುಟಿ ಅಲ್ಲಾಡಿತು. ಸ್ವಲ್ಪ ಹೊತ್ತಿನ ಮೇಲೆ “ನೀರು ಸಾಕು” ಎಂಬ ಮಾತು ಬಂತು. ಕುಡಿದ. ಗುಟುಕರಿಸುವ ಸದ್ದು ಲೋಟ ಕೆಳಗಿಟ್ಟ ಮೇಲೆ ಕೇಳಿತು. ಡಬ್ಬಿ ನೋಡಿಕೊಂಡು, “ಶ್ರೀಮತಿ ಗಂಗಹನುಮಕ್ಕನವರೇ, ನಿಮ್ಮ ಅವಧಿ ಮುಗಿದಿದೆ. ದಯವಿಟ್ಟು ಸಹಕರಿಸಿ,” ಎಂದ.

ಗಂಗೂ ಸೆರಗನ್ನು ತಲೆಯ ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿದಳು. “ಗಂಡಸ್ರು ಮನೇಲವ್ರೆ, ಅವ್ರನ್ನ ಮಾತಾಡ್ಸಿ,” ಎಂದಳು.

ನಾನು ಗೆದ್ದೆ! ಸೌಟು ಎತ್ತಿ ಒಂದು ಸುತ್ತು ಕುಣಿದೆ. ಅವನು ಮತ್ತೆ ಕರೆದ, ಮತ್ತೆ ಕರೆದ. ಇವಳು ತಿರುಗಲಿಲ್ಲ. ಅಷ್ಟರಲ್ಲಿ ಬೀದಿಗೆ ಸುದ್ದಿ ಹಬ್ಬಿ ಜನ ಸೇರಿದರು. ನೀಲಮ್ಮ ಕಿಟಕಿಯಲ್ಲಿ ಮುಖವಿಟ್ಟು, “ಓಬಳಯ್ಯನೋರೆ, ನಿಮ್ಮನೆಗೂ ಬೆಳ್ಳಿ ಸೂಟಾ! ಗಂಗಕ್ಕನ ಪುಣ್ಯ!” ಎಂದಳು. ಶೆಟ್ಟರ ಸೊಸೆ ತಟ್ಟೆಯಲ್ಲಿ ಹಣ್ಣು ಹೂವು ತಂದು, ಎಣ್ಣೆ ಬಾಟಲಿಯ ದುಃಖವನ್ನು ನುಂಗಿಕೊಂಡು, ಅವನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಳು. ನಾನು ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಬಂದವರಿಗೆಲ್ಲ ಕಾಫಿ ಕೊಟ್ಟೆ.

ಸಂಜೆಯ ಹೊತ್ತಿಗೆ ಒಳಗಿನಿಂದ ನರಳುವ ಸದ್ದು ಶುರುವಾಯಿತು. ಮೊದಲು ಸಣ್ಣಗೆ. ಆಮೇಲೆ ಜಗಲಿಯ ತನಕ ಕೇಳುವಷ್ಟು. ಕಾಫಿ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಬೆಳಗಾಗುವ ಹೊತ್ತಿಗೆ ಗಂಗೂ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದುಹಾಕಿದ್ದಳು. ಇಷ್ಟು ವರ್ಷದಲ್ಲಿ ನಾನು ಅವಳ ಏರಿದ ದನಿ ಕೇಳಿದವನಲ್ಲ. ಈಗ ಕೇಳಿದೆ. ನೀರು ಕೊಟ್ಟರೆ ಕುಡಿಯಲಾಗಲಿಲ್ಲ, ಬೆನ್ನು ನೀವಿದರೆ ಮುಟ್ಟಬೇಡಿ ಎಂದಳು. ಚಾಪೆಯ ಮೇಲೆ ಅವನು ಹಾಗೆಯೇ ಕೂತಿದ್ದ, ಡಬ್ಬಿ ಮಿನುಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಅವನ ಎದುರಿಗೆ ಹೋಗಿ ಮಂಡಿಯೂರಿದೆ. ಜೀವಮಾನವೆಲ್ಲ ಯಮನಾಗಿ ಸಾವಿತ್ರಿಯ ಎದುರು ನಿಂತವನು ನಾನು. ನನ್ನ ಮಾತಿಗಿಂತ ಅವಳ ಮಾತೇ ನನಗೆ ಚೆನ್ನಾಗಿ ಬಾಯಿಪಾಠ. ಕೈಮುಗಿದು, ಕಂಠ ಎತ್ತಿ ಶುರುಮಾಡಿದೆ. “ಎಲೈ ಧರ್ಮರಾಜನೇ, ಏಳು ಹೆಜ್ಜೆ ಜೊತೆ ನಡೆದವರು ಮಿತ್ರರಾಗುವ ಲೋಕದಲ್ಲಿ, ಬಾಳೆಲ್ಲ ಜೊತೆ ನಡೆದವರನ್ನು ಅಗಲಿಸುವುದು ನಿನಗೆ ಧರ್ಮವೇ? ಕೊಡು ಒಂದು ವರ!” ಹೆಂಗಸಿನ ಮಾತುಗಳನ್ನೆಲ್ಲ ಗಂಡು ದನಿಯಲ್ಲಿ, ಒಂದು ಅಕ್ಷರ ಬಿಡದೆ, ಅತ್ತುಕೊಂಡೇ ಒಪ್ಪಿಸಿದೆ. ಟೆಂಟಿನಲ್ಲಾಗಿದ್ದರೆ ಜನ ಎದ್ದು ನಿಲ್ಲುತ್ತಿದ್ದರು.

ಅವನ ತುಟಿ ಅಲ್ಲಾಡಿತು. “ವರ ಎಂದರೆ?”

ವಿವರಿಸಿದೆ. ಅವನು ಡಬ್ಬಿಯ ಗುಂಡಿಗಳನ್ನು ಒತ್ತಿ ಬಹಳ ಹೊತ್ತು ಹುಡುಕಿದ. “ಕ್ಷಮಿಸಿ. ಅಂಥ ಸೌಲಭ್ಯ ನಮ್ಮಲ್ಲಿ ಇಲ್ಲ.”

“ಹಳಬನ ಹತ್ರ ಇತ್ತಲ್ಲಪ್ಪ! ಕೋಣದವನ ಹತ್ರ! ಆಟದಲ್ಲಿ ಅವನು ಕೇಳಿದ್ದನ್ನೆಲ್ಲ ಕೊಡ್ತಿದ್ದ.”

“ಅವರನ್ನು ತಾವೇ ಬೇಡ ಎಂದಿರಿ.”

ನಾನು ಆಡಿದ ಯಮ ಎಂಥವನು? ಪ್ರತಿ ಆಟದಲ್ಲೂ ಸಾವಿತ್ರಿ ಮೂರನೆಯ ವರ ಕೇಳುವ ಹೊತ್ತಿಗೆ ನನಗೆ ನಿಜವಾಗಿ ಕಣ್ಣೀರು ಬಂದು ಬಣ್ಣ ಕಲಸಿಹೋಗುತ್ತಿತ್ತು. ತಗೋ ತಾಯಿ, ನಿನ್ನ ಗಂಡನನ್ನು ಕರೆದುಕೊಂಡು ಹೋಗು ಎನ್ನುತ್ತಿದ್ದೆ. ಅವನು ನನ್ನ ಮುಖ ಹೊತ್ತು ಬಂದಿದ್ದರೆ ನನ್ನ ಕರಗುವ ಮನಸ್ಸನ್ನೂ ಹೊತ್ತು ಬರುತ್ತಿದ್ದ. ಊರಿನಲ್ಲಿ ಯಾರೂ ಬೇಡಿ ನೋಡಿರಲಿಲ್ಲ, ಅಷ್ಟೇ. ಗಂಗೂ ‘ಬಂದೆ’ ಎಂದಿದ್ದರೂ ನಾನು ಅವನ ಹಿಂದೆ ನಡೆದು, ಬೇಡಿ, ಬೀದಿಯ ತುದಿಯಿಂದ ಅವಳನ್ನು ವಾಪಸು ತರುತ್ತಿದ್ದೆ. ಅಂಥವನನ್ನು ಬಿಟ್ಟು ಈ ಕ್ಯಾನನ್ನು ನಾನೇ ಪಾಠ ಮಾಡಿ ಕರೆಸಿಕೊಂಡಿದ್ದೆ. ಮಾಡಿದ್ದುಣ್ಣೋ ಮಹಾರಾಯ.

“ವರ ಬೇಡ. ನೋವು? ಅದನ್ನಾದ್ರೂ ನಿಲ್ಲಿಸು.”

“ನೋವು ನನ್ನ ವಿಭಾಗವಲ್ಲ,” ಎಂದ.

ಆಗಲೂ ನನಗೆ ಆಸೆ ಹೋಗಲಿಲ್ಲ. ಗಂಗೂ ಮನಸ್ಸು ಬದಲಾಯಿಸಿದರೆ ಅವನ ರೂಪವೂ ಬದಲಾಗಬೇಕಲ್ಲ? ಅಟ್ಟ ಹತ್ತಿದೆ. ವೇಷದ ಟ್ರಂಕು ಇಳಿಸಿದೆ. ಕಿರೀಟದ ಒಂದು ಕಿವಿಯನ್ನು ಇಲಿ ತಿಂದಿತ್ತು, ಜರಿಯ ಅಂಗಿ ಹೊಟ್ಟೆಯ ಮೇಲೆ ಕೂಡಿಕೊಳ್ಳಲಿಲ್ಲ. ಮುಖಕ್ಕೆ ಬಣ್ಣ ಬಳಿದು, ಮೀಸೆ ತಿರುವಿ, ಹಗ್ಗ ಹೆಗಲಿಗೇರಿಸಿ ಗಂಟಲು ಬಿರಿಯುವಂತೆ ಕೆಮ್ಮಿದೆ. ಅವಳ ಮಂಚದ ಎದುರು ಕಾಲು ಅಪ್ಪಳಿಸಿ ನಿಂತು, “ಮೂರು ಲೋಕಕ್ಕೂ ಅಂತಕನಾದ ಯಮಧರ್ಮ ನಾನು!” ಎಂದು ಗರ್ಜಿಸಿದೆ.

ಗಂಗೂ ಕಣ್ಣು ತೆರೆದಳು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆ ನೋವಿನಲ್ಲೂ ಅವಳ ಮುಖದಲ್ಲಿ ನಗು ಬಂತು, ಬಂದು ನೋವಿಗೆ ಸಿಕ್ಕಿ ಅರ್ಧಕ್ಕೇ ನಿಂತಿತು.

“ಇದೇನ್ರೀ ವೇಷ, ಈ ಸೆಕೇಲಿ?”

“ನಾನು ಯಮ ಗಂಗೂ. ಸರಿಯಾಗಿ ನೋಡು. ನಾನೇ ಯಮ.”

“ಯಮ ಅಲ್ಲಿ ಅವ್ರೆ, ಚಾಪೆ ಮೇಲೆ. ದಿನಾ ಬೆಳಿಗ್ಗೆ ನೀವೇ ಹೇಳ್ಕೊಟ್ರಲ್ಲ.” ಉಸಿರು ತೆಗೆದುಕೊಂಡಳು. “ನೀವು ನನ್ ಗಂಡ.”

ನಾನು ಮಂಚದ ಕಾಲ ಬಳಿ ಕೂತೆ. ಅವಳು ಕೈ ಚಾಚಿ ಕಿರೀಟವನ್ನು ನನ್ನ ತಲೆಯಿಂದ ತೆಗೆದು ಪಕ್ಕಕ್ಕಿಟ್ಟಳು. ಅಷ್ಟಕ್ಕೇ ಅವಳ ಹಣೆಯಲ್ಲಿ ಬೆವರು ಮೂಡಿತು.

“ಒಂದು ಮಾತು ಕೇಳ್ಲಾ? ನನ್ನ ಕರೆಯೋದು ಯಾಕ್ ಬಿಟ್ರಿ?”

ನಾನು ಹೆಗಲ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ.

“ಆಸ್ಪತ್ರೆಯಿಂದ ಬಂದಾಗಿನಿಂದ ಒಂದಿನಾನೂ ಕರೀಲಿಲ್ಲ. ಟವೆಲು ನೀವೇ ತಗೋತೀರಿ, ಕಾಫಿ ನೀವೇ ಮಾಡ್ಕೋತೀರಿ. ಇವಳಿನ್ನು ಯಾವ ಕೆಲಸಕ್ಕೂ ಬರಾಕಿಲ್ಲ ಅಂತ ಬೇಜಾರಾಯ್ತೇನೋ ಅಂದ್ಕೊಂಡೆ. ನಿಮ್ ಫೋಟೋನೂ ತೆಗೆದ್ರಿ.”

“ಅಯ್ಯೋ, ಅಲ್ಲ ಕಣೇ!” ಎಂದು ಬಿಕ್ಕಿದೆ. ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಹೊಳೆದದ್ದು, ಟಿವಿ ತಂದದ್ದು, ಪಾಠ ಮಾಡಿದ್ದು, ಎಲ್ಲ. ಅವಳು ಸುಮ್ಮನೆ ಕೇಳಿಸಿಕೊಂಡಳು. ನಡುವೆ ಎರಡು ಸಲ ನೋವು ಬಂದು ಮಂಚದ ಅಂಚು ಹಿಡಿದಳು, ಹೋದ ಮೇಲೆ “ಹೇಳಿ” ಎಂದಳು.

“ಎಂಥಾ ದಡ್ಡರ್ರೀ ನೀವು,” ಎಂದಳು ಕೊನೆಗೆ. “ನಂಗೆ ಎದ್ದು ಹೋಗ್ಬಿಡ್ಬೇಕು ಅನ್ನಿಸ್ತದೆ. ನಿನ್ನೆಯಿಂದಾನೇ ಅನ್ನಿಸ್ತದೆ. ಆದ್ರೆ ಆ ಮನುಷ್ಯ ಯಾರೋ ಏನೋ, ಅವ್ನು ಕರೆದ್ರೆ ನಾನು ಹೆಂಗೆ ಏಳ್ಲಿ? ನೀವು ಕರೀರಿ.”

“ಆಗಲ್ಲ.”

“ಇಷ್ಟು ವರ್ಷ ಎಲ್ಲಾದ್ಕೂ ಕರೆದ್ರಿ. ಕನ್ನಡಕಕ್ಕೆಲ್ಲ ಕರೆದ್ರಿ. ಇದೊಂದಕ್ಕೆ ಕರೆಯಾಕಿಲ್ವಾ?”

ನಾನು ಆಗಲ್ಲ ಆಗಲ್ಲ ಎಂದು ತಲೆಯಾಡಿಸುತ್ತಿರುವಾಗಲೇ ನೋವು ಮತ್ತೆ ಬಂತು. ಈ ಸಲ ಅದು ಹೋಗಲಿಲ್ಲ. ಅವಳ ಬೆನ್ನು ಮಂಚದಿಂದ ಮೇಲಕ್ಕೆದ್ದಿತು. ಬಾಯಿಂದ ಬಂದ ಸದ್ದು ಮನುಷ್ಯರದ್ದಾಗಿರಲಿಲ್ಲ. ಆ ಸದ್ದಿನಲ್ಲೂ ಅವಳ ಕಣ್ಣು ನನ್ನ ಮೇಲೇ ಇತ್ತು, ಕಾಯುತ್ತಿತ್ತು.

ನಾನು ಎದ್ದೆ. ಜರಿ ಅಂಗಿ, ಹಗ್ಗ ಕಿತ್ತು ಬಿಸಾಕಿದೆ. ಅವಳು ನಾನಿರುವಲ್ಲಿಗೆ ಬರುವವಳು, ಆದ್ದರಿಂದ ನಾನು ಹೊಸ್ತಿಲ ಆಚೆ ನಿಲ್ಲಬೇಕಿತ್ತು. ಚಾಪೆಯ ಮೇಲಿನವನನ್ನು ದಾಟಿಕೊಂಡು ಬಾಗಿಲ ಹೊರಗೆ ಹೋದೆ. ಬಿಸಿಲಿತ್ತು. ಜಗಲಿಯ ಕಂಬ ಹಿಡಿದುಕೊಂಡು ನಿಂತೆ. ಟೆಂಟಿನ ಕೊನೆಯ ಸಾಲಿಗೆ ಮುಟ್ಟುತ್ತಿದ್ದ ನನ್ನ ದನಿ ಎರಡು ಸಲ ಹೊರಡಲೇ ಇಲ್ಲ.

“ಗಂಗೂ,” ಎಂದೆ.

“ಬಂದೆ ರೀ.”

ಬಳೆಯ ಸದ್ದು ಕೇಳಿತು. ಅವಳು ನಡುಮನೆ ದಾಟಿ ಬಂದಳು, ಹಿಟ್ಟಿಲ್ಲದಿದ್ದರೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಸೊಂಟ ನೆಟ್ಟಗೆ ಮಾಡಿಕೊಂಡು, ಕಾಯಿಲೆಯೇ ಬಾರದವಳ ಹಾಗೆ. ಚಾಪೆಯ ಮೇಲಿನವನು ಗಡಿಬಿಡಿಯಲ್ಲಿ ಎದ್ದು ಅವಳ ಹಿಂದೆ ಬಂದ, ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಹೊಸ್ತಿಲು ದಾಟಿ ನನ್ನ ಎದುರು ನಿಂತಳು. “ಬಣ್ಣ ಒರೆಸ್ಕೊಳ್ಳಿ, ಚರ್ಮ ಉರೀತದೆ,” ಎಂದಳು. ನಾನು ಅವಳ ಕೈ ಹಿಡಿಯಲು ಹೋದೆ, ಜಗಲಿಯ ಮೇಲೆ ಬಿಸಿಲು ಮಾತ್ರ ಇತ್ತು.

ಒಳಗೆ ಮಂಚದ ಮೇಲಿದ್ದವಳ ಮುಖ ಬಾಗಿಲ ಕಡೆಗೆ ತಿರುಗಿತ್ತು. ನಾನು ಅವಳ ಕಾಲು ನೇರ ಮಾಡಿ, ಹರಿದ ಸೆರಗನ್ನು ಒಳಗೆ ಮಡಿಸಿ ಹೊದಿಸಿದೆ. ಆಮೇಲೆ ಜನ ಬಂದರು. ನೀಲಮ್ಮ ಅತ್ತಳು. ಶೆಟ್ಟರ ಸೊಸೆ ಕಣ್ಣೊರೆಸಿಕೊಂಡು, “ಫ್ಲೆಕ್ಸು ನಾವೇ ಹಾಕುಸ್ತೀವಿ ಓಬಳಯ್ಯನೋರೆ. ಕೊನೆಗೂ ಬೆಳ್ಳಿ ಸೂಟಿನೋರ ಜೊತೇನೇ ಹೋದ್ರು, ಪುಣ್ಯವಂತೆ,” ಎಂದಳು.

“ಅವನು ನಿನ್ನೆಯಿಂದ ಕರೀತಿದ್ದ, ಇವಳು ಏಳಲೇ ಇಲ್ಲ,” ಎಂದೆ. “ನಾನು ಒಂದೇ ಸಲ ಕರೆದದ್ದು.”